ಪಾಳು ಕೋಟೆಗೆ ಸುಣ್ಣ ಹೊಡೆಸಿದ್ದು

ನನ್ನ ಗಂಡ ಬಿದ್ದ ಗೋಡೆಗಳ ಚಿತ್ರ ಬರೆಯುತ್ತಿದ್ದರು. ನಿಂತ ಗೋಡೆಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಇದು ನನಗೆ ಮದುವೆಗೆ ಮೊದಲು ಗೊತ್ತಿರಲಿಲ್ಲ. ಹುಡುಗ ದೊಡ್ಡಬಳ್ಳಾಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು, ಕಾಯಂ ಕೆಲಸ, ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ ಎಂದು ನಮ್ಮ ಅಪ್ಪನಿಗೆ ಹೇಳಿದ್ದರು. ಅಷ್ಟೂ ನಿಜವೇ ಆಗಿತ್ತು. ಗೋಡೆಗಳ ವಿಷಯ ಯಾರೂ ಕೇಳಿರಲಿಲ್ಲ.

ನಾನು ನೆಲಮಂಗಲದ ಕಡೆಯವಳು. ಬೇಸಾಯದ ಮನೆ, ಮಣ್ಣಿನ ಗೋಡೆ. ಮಳೆಗಾಲ ಬಂದರೆ ಹಿತ್ತಿಲ ಕಡೆಯ ಗೋಡೆ ಒಂದಿಷ್ಟು ಕುಸಿಯುತ್ತಿತ್ತು. ಮಳೆ ಬಿಟ್ಟ ಮೇಲೆ ಅಪ್ಪನೂ ಚಿಕ್ಕಪ್ಪನೂ ಅದನ್ನು ಮತ್ತೆ ಎತ್ತುತ್ತಿದ್ದರು, ಅಮ್ಮನೂ ನಾನೂ ಸೀರೆ ಎತ್ತಿಕಟ್ಟಿ ಮಣ್ಣು ತುಳಿಯುತ್ತಿದ್ದೆವು. ಗೋಡೆ ಬೀಳುವುದೆಂದರೆ ನಮಗೆ ನೆಗಡಿ ಬಂದ ಹಾಗೆ. ಅದರ ಮುಂದೆ ಚಾಪೆ ಹಾಕಿಕೊಂಡು ಕೂತು ನೋಡಬೇಕು ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಬಾಡಿಗೆ ಮನೆ ನೇಕಾರರ ಬೀದಿಯಲ್ಲಿತ್ತು. ಬೆಳಕು ಹರಿಯುವ ಮೊದಲೇ ಎರಡೂ ಪಕ್ಕದ ಮನೆಗಳಲ್ಲಿ ಮಗ್ಗ ಶುರುವಾಗುತ್ತಿತ್ತು. ಹೊಸದರಲ್ಲಿ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು. ನನ್ನ ಗಂಡನ ಹತ್ತಿರ ಒಂದು ದಪ್ಪ ಪುಸ್ತಕವಿತ್ತು, ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ಗುರುಗಳು ಕೊಟ್ಟದ್ದು. ಅದರ ತುಂಬ ವಿಲಾಯಿತಿಯ ಚಿತ್ರಗಳು. ಮುರಿದುಬಿದ್ದ ಇಗರ್ಜಿ, ಎಲೆ ಉದುರಿದ ಮರ, ಹಿಂದೆ ಕಂತುವ ಸೂರ್ಯ, ಮುಂದೆ ನಮಗೆ ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ. ಪುಟ ತಿರುಗಿಸಿದರೆ ಬೇರೆ ಇಗರ್ಜಿ, ಬೇರೆ ಮರ, ಅದೇ ಮನುಷ್ಯ.

"ಇವನು ಯಾಕ್ರೀ ಯಾವಾಗಲೂ ಆ ಕಡೆ ತಿರುಗಿರ್ತಾನೆ?" ಎಂದು ನಾನು ಒಮ್ಮೆ ಕೇಳಿದೆ.

"ಪ್ರಕೃತಿ ನೋಡ್ತಿದ್ದಾನೆ ಕಣೇ."

"ಮುಖ ಚೆನ್ನಾಗಿಲ್ವೇನೋ ಅಂದ್ಕೊಂಡೆ."

ಅವರು ನಗಲಿಲ್ಲ. ಮನುಷ್ಯ ಕಟ್ಟಿದ್ದೆಲ್ಲ ಒಂದು ದಿನ ಬೀಳುತ್ತದೆ, ಬಿದ್ದದ್ದನ್ನು ಕಾಡು ಬಂದು ಅಪ್ಪಿಕೊಳ್ಳುತ್ತದೆ, ಆ ಅಪ್ಪುಗೆಯನ್ನು ಕಾಣುವವನೇ ಚಿತ್ರಗಾರ ಎಂದು ಬಹಳ ಹೊತ್ತು ವಿವರಿಸಿದರು. ಅವರು ಮುಗಿಸುವಷ್ಟರಲ್ಲಿ ನಾನು ಒಂದು ಮೊರದ ತುಂಬ ಅವರೆಕಾಯಿ ಸುಲಿದಿದ್ದೆ.

ಆಗ ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ವಿಲಾಯಿತಿಯಿಂದ ಬಣ್ಣದ ಟ್ಯೂಬು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಅವರ ಪೆಟ್ಟಿಗೆಯಲ್ಲಿ ಮೊದಲು ಮುಗಿದದ್ದು ನೀಲಿ. ಹಾಗಾಗಿ ಅವರ ಆಕಾಶಗಳೆಲ್ಲ ಸಂಜೆಯವಾದವು. ಸಂಜೆಗೆ ಬೇಕಾದ ಹಳದಿಯೂ ತಳ ಕಂಡಾಗ ಬಟ್ಟೆಗೆ ಹಾಕುವ ನೀಲಿಯನ್ನು ಎಣ್ಣೆಯಲ್ಲಿ ಅರೆದು ನೋಡಿದರು. ಆ ವಾರ ನಮ್ಮ ಮನೆಯ ಪಂಚೆಗಳೆಲ್ಲ ಮಾಸಲಾಗಿಯೇ ಒಣಗಿದವು. ಚಿತ್ರ ಬರೆಯುವ ದಪ್ಪ ಬಟ್ಟೆಯೂ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ನೇಕಾರರು, "ಇದನ್ನ ಯಾರು ಉಡ್ತಾರೆ ಮೇಷ್ಟ್ರೇ?" ಎಂದು ಕೇಳಿಕೊಂಡೇ ಒಂದು ತುಂಡು ನೇಯ್ದುಕೊಟ್ಟರು.

ಆ ಬಟ್ಟೆಗೆ ತಕ್ಕ ವಸ್ತು ಅವರಿಗೆ ಸಿಕ್ಕಿದ್ದು ಮಾಕಳಿದುರ್ಗದಲ್ಲಿ. ಭಾನುವಾರ ಬೆಳಗ್ಗೆ ರೈಲಿಗೆ ಹೋಗಿ ಇಳಿದು, ಹೊಲದ ಬದುವಿನ ಮೇಲೆ ನಡೆದರೆ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಹಳ್ಳಿ. ಹಳ್ಳಿ ದಾಟಿ ಸ್ವಲ್ಪ ಮೇಲೆ ಹತ್ತಿದರೆ ಕೋಟೆಯ ಹಳೇ ಬಾಗಿಲು. ಬಾಗಿಲು ಎಂದರೆ ಬಾಗಿಲಿಲ್ಲ, ಎರಡು ಕಡೆ ಕಲ್ಲಿನ ಗೋಡೆ, ಒಂದು ಅರ್ಧ ಕುಸಿದ ಬುರುಜು. ಬುರುಜಿನ ನೆತ್ತಿಯ ಮೇಲೆ ದೊಡ್ಡದೊಂದು ಗೋಣಿಮರ ಬೆಳೆದು, ಅದರ ಬೇರುಗಳು ಇಳಿಬಿದ್ದು ಒಂದೊಂದು ಕಲ್ಲನ್ನೂ ಹಿಡಿದುಕೊಂಡಿದ್ದವು. ನನ್ನ ಗಂಡ ಅದರ ಮುಂದೆ ಚೀಲ ಕೆಳಗಿಡುವುದನ್ನೂ ಮರೆತು ನಿಂತರು. ಮದುವೆಯಾಗಿ ಆಗಲೇ ಕೆಲವು ವರ್ಷ ಕಳೆದಿತ್ತು. ನನ್ನನ್ನು ಅವರು ಹಾಗೆ ನೋಡಿದ್ದು ನನಗೆ ನೆನಪಿರಲಿಲ್ಲ.

"ಇದ್ರಲ್ಲಿ ಒಬ್ಬ ಮನುಷ್ಯ ಬೇಕು," ಎಂದರು ಮುಂದಿನ ಭಾನುವಾರಕ್ಕೆ ಮುಂಚೆ. "ಇಲ್ದಿದ್ರೆ ಗೋಡೆ ಎಷ್ಟೆತ್ತರ ಅಂತ ನೋಡೋರಿಗೆ ಗೊತ್ತಾಗಲ್ಲ. ನೀನು ನಿಂತ್ಕೊ. ಕೆಂಪು ಸೀರೆ ಉಟ್ಕೊ."

ನನ್ನ ಹತ್ತಿರ ಇದ್ದ ಕೆಂಪು ಸೀರೆ ಧಾರೆ ಸೀರೆಯೊಂದೇ. ಅದನ್ನು ಉಟ್ಟು, ತಲೆಗೆ ಕನಕಾಂಬರ ಮುಡಿದು, ಬಳೆಯೆಲ್ಲ ಹಾಕಿಕೊಂಡು ರೈಲು ಹತ್ತಿದೆ. ಎದುರಿಗೆ ಕೂತ ಹೆಂಗಸು ಯಾರ ಮದುವೆ ಎಂದು ಕೇಳಿದಳು. ಬೆಟ್ಟದ ಬುಡದಲ್ಲಿ ಅವರು ತೋರಿಸಿದ ಕಡೆ, ಅವರಿಗೆ ಬೆನ್ನು ಮಾಡಿಕೊಂಡು, ಬಿಸಿಲು ನೆತ್ತಿಗೆ ಬರುವವರೆಗೆ ನಿಂತೆ. ಒಂದು ಮೇಕೆ ಬಂದು ಸೆರಗಿನ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅಲ್ಲಾಡಬೇಡ ಎಂದಿದ್ದರಿಂದ ಅದನ್ನು ಮಾತಿನಲ್ಲೇ ಓಡಿಸಿದೆ. ಕೊನೆಗೆ ಆಯ್ತು ಎಂದಾಗ ಓಡಿಬಂದು ನೋಡಿದೆ. ಗೋಡೆ ಇತ್ತು, ಮರ ಇತ್ತು, ಬೆಟ್ಟ ಇತ್ತು. ಕೆಳಗೊಂದು ಮೂಲೆಯಲ್ಲಿ ಅಕ್ಕಿ ಕಾಳಿನಷ್ಟು ಕೆಂಪಿತ್ತು.

"ಇದು ನಾನಾ?"

"ಹೂಂ."

"ಕೈ ಎಲ್ಲಿ?"

"ಅಷ್ಟು ದೂರಕ್ಕೆ ಕೈ ಕಾಣಲ್ಲ."

"ಕಾಲು?"

"ಹುಲ್ಲು ಮುಚ್ಕೊಂಡಿದೆ."

"ಹಾಗಿದ್ರೆ ಅಲ್ಲೊಂದು ಟವಲ್ ನೇತುಹಾಕಿದ್ರೆ ಸಾಕಾಗ್ತಿತ್ತಲ್ರೀ."

ಅವರು ಸ್ವಲ್ಪ ಯೋಚಿಸಿ, "ಟವಲ್ಲಿಗೆ ಜೀವ ಇರಲ್ಲ," ಎಂದರು. ಅದು ಹೊಗಳಿಕೆ ಎಂದು ನಾನು ತೆಗೆದುಕೊಂಡೆ. ಆ ದಿನಕ್ಕೆ ಅಷ್ಟೇ ಸಿಕ್ಕಿದ್ದು.

ನಾವು ಹೋಗಿ ಬರುವುದನ್ನು ಹಳ್ಳಿಯವರು ನೋಡುತ್ತಲೇ ಇದ್ದರು. ಮಿಲಿಟರಿಯವರು ಕ್ಯಾಂಪು ಹಾಕಲು ಜಮೀನು ತೆಗೆದುಕೊಳ್ಳುತ್ತಾರೆ ಎಂಬ ಗಾಳಿಸುದ್ದಿ ಆಗ ಊರೂರಲ್ಲಿ ಹರಡಿತ್ತು. ಒಂದು ಭಾನುವಾರ ಆ ಹಳ್ಳಿಯ ಪಟೇಲರು ಹೆಗಲ ಮೇಲೆ ಟವಲ್ ಹಾಕಿಕೊಂಡು ಬಂದು, ನನ್ನ ಗಂಡನ ಹಿಂದೆ ನಿಂತು ಕೆಮ್ಮಿದರು.

"ಅಳತೆ ಏನಾರ ತಗೊಳ್ತಾ ಇದೀರಾ ಸ್ವಾಮಿ?"

"ಇಲ್ಲ ಗೌಡ್ರೇ, ಚಿತ್ರ ಬರೀತಿದ್ದೀನಿ. ಮೈಸೂರಿಗೆ ಕಳಿಸ್ಬೇಕು, ದಸರಾ ವಸ್ತುಪ್ರದರ್ಶನಕ್ಕೆ."

"ದಸರಾಕ್ಕಾ?" ಪಟೇಲರು ಟವಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಅಂದ್ರೆ ಮಹಾರಾಜ್ರು ನೋಡ್ತಾರಾ?"

"ನೋಡಿದ್ರೂ ನೋಡ್ಬೋದು."

ಪಟೇಲರು ತಲೆಯೆತ್ತಿ ಆ ಬುರುಜನ್ನು ನೋಡಿದರು. ಹುಟ್ಟಿದಾಗಿನಿಂದ ಅದರ ಕೆಳಗೇ ದನ ಹೊಡೆದುಕೊಂಡು ಓಡಾಡಿದ್ದವರು, ಅದನ್ನು ಆವತ್ತೇ ಮೊದಲ ಸಲ ಕಂಡವರ ಹಾಗೆ ಬಹಳ ಹೊತ್ತು ನೋಡಿದರು. ಮುಖ ಸ್ವಲ್ಪ ಚಿಕ್ಕದಾಯಿತು. ಆಮೇಲೆ ನಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಡಿಸಿದರು. ಅವರ ಹೆಂಡತಿ ನನ್ನ ಪಕ್ಕ ಕೂತು ನನ್ನ ತವರು, ನಮ್ಮ ಜಮೀನು, ನಮ್ಮ ಎಮ್ಮೆ ಎಲ್ಲ ವಿಚಾರಿಸಿ, "ಇವ್ರು ಬರೀತಿದ್ರೆ ನೀನ್ಯಾಕವ್ವಾ ಬಿಸ್ಲಲ್ಲಿ ನಿಲ್ತೀಯ?" ಎಂದು ಕೇಳಿದರು. ಅಳತೆಗೆ ಎಂದೆ. ಪಟೇಲರು ಒಂದು ಸಲ ನನ್ನ ಕಡೆ ತಿರುಗಿ ನೋಡಿದರು.

ಅದಾದ ಮೇಲೆ ಶಾಲೆಯಲ್ಲಿ ಪರೀಕ್ಷೆ ಬಂತು, ಇನ್ಸ್‌ಪೆಕ್ಟರು ಬಂದರು. ಕೆಲವು ವಾರ ನಾವು ಆ ಕಡೆ ಹೋಗಲಾಗಲಿಲ್ಲ. ಅವರು ದಿನಾ ಸಂಜೆ ಮರದ ಬೇರುಗಳನ್ನು ಪೆನ್ಸಿಲ್ಲಿನಲ್ಲಿ ಬರೆದು ಬರೆದು ನೋಡುತ್ತಿದ್ದರು. ಇನ್ನೊಂದೇ ಸಲ ಹೋಗಿ ಬೆಳಕು ನೋಡಿಕೊಂಡು ಬಂದರೆ ಸಾಕು ಎನ್ನುತ್ತಿದ್ದರು. ಕೊನೆಗೆ ಭಾನುವಾರ ಬರುತ್ತೇವೆ ಎಂದು ಸಂತೆಗೆ ಬಂದವರ ಕೈಲಿ ಪಟೇಲರಿಗೆ ಹೇಳಿಕಳಿಸಿ ಹೊರಟೆವು. ಸ್ಟೇಷನ್ನಿನಲ್ಲಿ ಇಳಿದಾಗ ಮೊದಲು ನೋಡಿದವಳು ನಾನು.

"ಬೆಟ್ಟದ ಬುಡದಲ್ಲಿ ಅದೇನ್ರೀ ಬೆಳ್ಳಗೆ?"

"ಯಾರೋ ಬಟ್ಟೆ ಒಣಹಾಕಿದ್ದಾರೆ," ಎಂದರು.

ಯಾರೂ ಬಟ್ಟೆ ಒಣಹಾಕಿರಲಿಲ್ಲ. ಕೋಟೆ ಬಾಗಿಲಿಗೆ ಸುಣ್ಣ ಹೊಡೆಸಿದ್ದರು. ಸುಣ್ಣದ ಮೇಲೆ ಗುಡಿ ಗೋಡೆಗೆ ಬಳಿಯುವ ಹಾಗೆ ಕೆಮ್ಮಣ್ಣಿನ ಪಟ್ಟೆ ಎಳೆಸಿದ್ದರು. ಕುಸಿದ ಕಲ್ಲುಗಳನ್ನು ಎತ್ತಿ ಜೋಡಿಸಿ, ಜೋಡಿಸಿದ್ದಕ್ಕೂ ಸುಣ್ಣ ಬಳಿದಿದ್ದರು. ಹುಲ್ಲು ಹೆರೆದು ನೆಲ ಸಾರಿಸಿ ರಂಗೋಲಿ ಹಾಕಿದ್ದರು. ಮಾವಿನ ಎಲೆಯ ತೋರಣ ಇತ್ತು. ಮರ ಇರಲಿಲ್ಲ. ಅದು ಇದ್ದ ಕಡೆ ಆಕಾಶವಿತ್ತು, ಬುರುಜಿನ ಮೇಲೆ ಬುಡದ ಮೋಟೊಂದು ಉಳಿದಿತ್ತು, ಅದಕ್ಕೂ ಯಾರೋ ಸುಣ್ಣದ ಕೈ ಒರೆಸಿದ್ದರು. ಊರಿನವರೆಲ್ಲ ಮಡಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮುಂದೆ ಪಟೇಲರು, ಕೋಟು, ರುಮಾಲು.

"ಹೆಂಗೈತೆ ಮೇಷ್ಟ್ರೇ?"

ನನ್ನ ಗಂಡ ಬಾಯಿ ತೆರೆದರು. "ಮರ?"

"ಆ ದರಿದ್ರದ್ದಾ? ತೆಗೆಸ್ಬಿಟ್ಟೆ. ಗೋಡೇನೆ ತಿಂದಾಕ್ತಿತ್ತು. ಅರಳಿ ಆಗಿದ್ರೆ ಮುಟ್ತಿರ್ಲಿಲ್ಲ ಸ್ವಾಮಿ, ಗೋಣಿ ತಾನೆ. ಮಹಾರಾಜ್ರ ಕಣ್ಣಿಗೆ ಬೀಳೋವಾಗ ಹಂಗೆ ಪಾಳುಬಿದ್ದಿದ್ರೆ ನಮ್ಮೂರ ಮರ್ಯಾದೆ ಏನಾಗ್ಬೇಕು? ಅದಕ್ಕೇಯ, ಊರೆಲ್ಲ ಸೇರ್ಕೊಂಡು ಮಾಡಿದ್ದು."

ನನ್ನ ಗಂಡ ಹತ್ತಿರವಿದ್ದ ಒಂದು ಕಲ್ಲಿನ ಮೇಲೆ ಕೂತರು. ಅದರ ಸುಣ್ಣ ಇನ್ನೂ ಒಣಗಿರಲಿಲ್ಲ. ಯಾರೋ ಚೊಂಬಿನಲ್ಲಿ ನೀರು ತಂದುಕೊಟ್ಟರು. ಅವರು ಕುಡಿಯದೆ ಚೊಂಬನ್ನೇ ನೋಡುತ್ತಿದ್ದರು. ಅಳು ಬಂದಿದೆ ಎಂದು ನನಗೆ ಗೊತ್ತಾಯಿತು. ಊರಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರ ಕೈಗಳ ಮೇಲೆಲ್ಲ ಸುಣ್ಣ ತಿಂದ ಗಾಯಗಳಿದ್ದವು.

"ಅವರಿಗೆ ಸಂತೋಷ ಜಾಸ್ತಿಯಾದ್ರೆ ಮಾತೇ ಬರಲ್ಲ ಗೌಡ್ರೇ," ಎಂದೆ ನಾನು.

ಪಟೇಲರ ಮುಖ ಅರಳಿತು. "ದೊಡ್ಡೋರು ಹಂಗೇಯ," ಎಂದು ಊರಿನವರ ಕಡೆ ತಿರುಗಿ ಹೇಳಿದರು.

ಅವರ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ನನ್ನ ಗಂಡ ತಿಂದರು. ಬಡಿಸಿದಷ್ಟನ್ನೂ, ಯಾರದೋ ತಿಥಿ ಊಟ ಮಾಡುವವರ ಹಾಗೆ ತಲೆಬಗ್ಗಿಸಿಕೊಂಡು ತಿಂದರು. ಊಟವಾದ ಮೇಲೆ ಬಿಸಿಲು ಜಾಸ್ತಿ ಇದೆ, ಇನ್ನೊಂದು ದಿನ ಬರೀತೀನಿ ಎಂದು ಪೆಟ್ಟಿಗೆ ತೆರೆಯದೆಯೇ ಹೊರಟರು. ಅವರ ಪಂಚೆಯ ಹಿಂಭಾಗ ಪೂರಾ ಬೆಳ್ಳಗಾಗಿತ್ತು.

ರೈಲಿನಲ್ಲಿ ಕೂತ ಮೇಲೆ ಮಾತು ಬಂತು.

"ಎಷ್ಟು ತಲೆಮಾರು ಬೇಕಾಗಿತ್ತೋ ಆ ಬೇರು ಹಾಗೆ ಇಳಿಯೋಕೆ. ಒಂದು ದಿನದಲ್ಲಿ ಕಡಿದ್ಬಿಟ್ರು."

"ಆ ಗೋಡೆ ಕಟ್ಟಿದೋರೂ ಕಷ್ಟಪಟ್ಟೇ ಕಟ್ಟಿರ್ತಾರೆ."

"ನಿನಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗುತ್ತೆ. ಬಿದ್ದ ಗೋಡೆ ಎತ್ತೋಕೆ ಮಣ್ಣು ತುಳಿದಿದ್ದೀನಿ. ನೀವು ಅದು ಬಿದ್ದಿರೋದನ್ನ ಮಾತ್ರ ನೋಡಿದ್ದೀರ."

ಅವರು ಕಿಟಕಿಯ ಕಡೆ ತಿರುಗಿ ಕೂತರು, ಆ ಪುಸ್ತಕದ ಮನುಷ್ಯನ ಹಾಗೆಯೇ. ದೊಡ್ಡಬಳ್ಳಾಪುರ ಬರುವವರೆಗೆ ನನಗೆ ಬೆನ್ನೇ ಕಂಡದ್ದು. ಅದಾದ ಮೇಲೂ ಎಷ್ಟೋ ದಿನ ನಾವು ಸಾರಿಗೆ ಉಪ್ಪು ಸಾಕಾ, ಕದ ಹಾಕಿದೆಯಾ ಎನ್ನುವಷ್ಟೇ ಮಾತಾಡಿದೆವು.

ಚಿತ್ರವನ್ನು ಅವರು ಮನೆಯಲ್ಲೇ, ಹಳೇ ಪೆನ್ಸಿಲ್ ಚಿತ್ರಗಳನ್ನು ಇಟ್ಟುಕೊಂಡು ಮುಗಿಸಿದರು. ಒಂದು ಬೆಳಗ್ಗೆ ಅವರು ಶಾಲೆಗೆ ಹೋದ ಮೇಲೆ ನಾನು ಕಸ ಗುಡಿಸುತ್ತಾ ಅದರ ಮುಂದೆ ನಿಂತೆ. ಸಂಜೆಯ ಬೆಳಕು ಬೇರುಗಳ ಸಂದಿಯಿಂದ ಸೋಸಿ ಬಂದು ಕಲ್ಲಿನ ಮೇಲೆ ಬಿದ್ದಿತ್ತು. ಬುರುಜು ಬೀಳುತ್ತಿದೆಯೋ, ಮರ ಅದನ್ನು ಬೀಳದ ಹಾಗೆ ಹಿಡಿದಿದೆಯೋ ಹೇಳಲು ಆಗುತ್ತಿರಲಿಲ್ಲ. ಕೆಳಗೆ ಆ ಅಕ್ಕಿ ಕಾಳಿನಷ್ಟು ಹೆಂಗಸು ಅಷ್ಟು ದೊಡ್ಡದರ ಮುಂದೆ ಹೆದರದೆ ನಿಂತಿದ್ದಳು. ಅವಳನ್ನು ನೋಡಿ ನನಗೆ ಒಂದು ಥರ ಹೆಮ್ಮೆಯಾಯಿತು, ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟೆ. ಯಾಕೆ ಎಂದು ಆಗ ಗೊತ್ತಾಗಲಿಲ್ಲ, ಈಗಲೂ ಸರಿಯಾಗಿ ಹೇಳಲಾರೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಅವರು ಬಂದ ಮೇಲೆ ಹಾಲಿನ ವಿಷಯ ಹೇಳಿದೆ, ಚಿತ್ರದ ವಿಷಯ ಹೇಳಲಿಲ್ಲ.

ಚಿತ್ರ ಮೈಸೂರಿಗೆ ಹೋಗುವ ಮುಂಚೆ ಒಂದು ಸಲ ನೋಡಬೇಕೆಂದು ಪಟೇಲರೂ ಅವರ ಹೆಂಡತಿಯೂ ಗಾಡಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ಒಂದು ಹಲಸಿನಹಣ್ಣು, ಒಂದು ಮೂಟೆ ಕಡಲೆಕಾಯಿ. ನನ್ನ ಗಂಡನಿಗೆ ಚಿತ್ರವನ್ನು ಮುಚ್ಚಿಡುವಷ್ಟೂ ಸಮಯ ಸಿಗಲಿಲ್ಲ. ಪಟೇಲರು ಅದರ ಮುಂದೆ ನಿಂತರು.

"ಮರ ಐತಲ್ಲ," ಎಂದರು.

"ಇದೆ."

"ತೆಗ್ಸಿದ್ನಲ್ಲ."

ನನ್ನ ಗಂಡ ಕೈ ಒರೆಸಿಕೊಂಡರು. "ಗೌಡ್ರೇ, ತಪ್ಪು ತಿಳ್ಕೋಬೇಡಿ. ನನಗೆ ಆ ಮರಾನೇ ಬೇಕಾಗಿತ್ತು. ಗೋಡೆ ಬಿದ್ದಿರೋದು, ಮರ ಅದನ್ನ ಹಿಡ್ಕೊಂಡಿರೋದು, ಅದೇ ನನಗೆ ಚೆನ್ನಾಗಿ ಕಾಣ್ತಿತ್ತು."

ಪಟೇಲರ ಮುಖ ಕೆಂಪಾಗಿ, ಮತ್ತೆ ಮೊದಲಿನ ಬಣ್ಣಕ್ಕೆ ಬಂತು.

"ಮೊದ್ಲೇ ಒಂದು ಮಾತು ಹೇಳ್ಬಾರ್ದಾಗಿತ್ತಾ ಸ್ವಾಮಿ?"

"ನೀವು ಕೇಳ್ಲಿಲ್ಲ."

"ಕೊಳಕಾಗಿರೋದು ಬೇಕಾ ಅಂತ ಯಾರು ಯಾರ್ನ ಕೇಳ್ತಾರೆ?"

ಅಷ್ಟರಲ್ಲಿ ಪಟೇಲರ ಹೆಂಡತಿ ಚಿತ್ರದ ಹತ್ತಿರಕ್ಕೆ ಬಗ್ಗಿದ್ದರು. "ಇದ್ಯಾಕೆ ಮೂಲೇಲಿ ಮೆಣಸಿನಕಾಯಿ ಬರ್ದವ್ರೆ?"

"ಅದು ನಾನು," ಎಂದೆ.

ಅವರು ನನ್ನನ್ನು ನೋಡಿದರು, ಚಿತ್ರ ನೋಡಿದರು, ನನ್ನ ಗಂಡನನ್ನು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದರು. "ಜಗಳ ಆಡಿದ್ರೇನವ್ವಾ?"

ಪಟೇಲರಿಗೆ ಮೊದಲು ನಗು ಬಂತು. ಹೆಗಲು ಕುಣಿಯಿತು, ಆಮೇಲೆ ಸದ್ದು ಹೊರಬಂತು. ನನ್ನ ಗಂಡನೂ ನಕ್ಕರು. ಎಷ್ಟೋ ವಾರಗಳ ಮೇಲೆ ಅವರ ನಗು ಕೇಳಿದ್ದು ನಾನು. ನಗು ನಿಂತ ಮೇಲೆ ಪಟೇಲರ ಹೆಂಡತಿ ತೀರ್ಪು ಕೊಟ್ಟರು. "ಮಹಾರಾಜ್ರಿಗೆ ಇದನ್ನೇ ಕಳ್ಸಿ, ನಿಮ್ಮಿಷ್ಟ. ನಮಗೊಂದು ಬರ್ಕೊಡಿ. ಸುಣ್ಣ ಹೊಡ್ದಿರೋ ಬಾಗ್ಲು ಮುಂದೆ ಇವಳೂ ನಾನೂ. ಈ ಕಡೆ ತಿರುಗಿರ್ಬೇಕು. ಕೈಕಾಲೆಲ್ಲ ಇರ್ಬೇಕು."

ಮರ ಹೋದದ್ದಕ್ಕೆ ತಾನೂ ಅರ್ಧ ಕಾರಣ ಎಂದು ನನ್ನ ಗಂಡನಿಗೆ ಅನ್ನಿಸಿರಬೇಕು, ಒಪ್ಪಿಕೊಂಡರು. ಮತ್ತೆ ಭಾನುವಾರಗಳು, ಮತ್ತೆ ರೈಲು, ಮತ್ತೆ ಧಾರೆ ಸೀರೆ. ಪಟೇಲರ ಹೆಂಡತಿ ಮತ್ತು ನಾನು ಸುಣ್ಣದ ಗೋಡೆಯ ಮುಂದೆ ಅಕ್ಕಪಕ್ಕ ನಿಂತೆವು. ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಸೊಸೆಯ ಸೋಮಾರಿತನ, ಎಮ್ಮೆಯ ಕೆಚ್ಚಲು, ಹಳೇ ಕಾಲದ ಬರ ಎಲ್ಲ ಹೇಳುತ್ತಲೇ ಇದ್ದರು, ಹಾಗಾಗಿ ಚಿತ್ರದಲ್ಲೂ ಅವರ ಬಾಯಿ ಸ್ವಲ್ಪ ತೆರೆದೇ ಇದೆ. ನನ್ನ ಸರದಿ ಬಂದಾಗ ನನ್ನ ಗಂಡ ಕುಂಚ ಹಿಡಿದು ನನ್ನ ಮುಖ ನೋಡಿದರು. ನೋಡುತ್ತಲೇ ನಿಂತರು. ಹತ್ತಿರ ಬಂದರು.

"ನಿನ್ನ ಎಡಗಣ್ಣಿನ ಕೆಳಗೆ ಮಚ್ಚೆ ಇದ್ಯಲ್ಲೇ."

"ಇದೆ."

"ಯಾವಾಗ ಬಂತು?"

"ಹುಟ್ಟುವಾಗ."

ಪಟೇಲರ ಹೆಂಡತಿ ಆ ಒಂದು ಸಲ ಮಾತು ನಿಲ್ಲಿಸಿದರು. ನನ್ನ ಗಂಡ ತಮ್ಮ ಜಾಗಕ್ಕೆ ವಾಪಸು ಹೋಗಿ, ಇಡೀ ಬುರುಜಿಗೆ ತೆಗೆದುಕೊಂಡಷ್ಟೇ ಹೊತ್ತು ಆ ಮಚ್ಚೆಗೂ ತೆಗೆದುಕೊಂಡರು. ಆವತ್ತು ವಾಪಸು ಬರುವಾಗ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿ ಇತ್ತು. ಅವರು ಅಲ್ಲಿ ಕೂರಲಿಲ್ಲ, ನನ್ನ ಎದುರು ಕೂತರು.

ದಸರಾ ಹೊತ್ತಿಗೆ ಯುದ್ಧ ಮುಗಿದಿತ್ತು. ಚಿತ್ರ ಮೈಸೂರಿಗೆ ಹೋಯಿತು, ಅದರ ಹಿಂದೆ ಪಟೇಲರೂ ಹೋದರು. ಚಿತ್ರವನ್ನು ತೂಗುಹಾಕಿದ್ದು ಆ ವರ್ಷದ ಅತಿ ದೊಡ್ಡ ಕುಂಬಳಕಾಯಿ ನೋಡಲು ಹೋಗುವ ದಾರಿಯಲ್ಲಿ, ಹಾಗಾಗಿ ಬಹಳ ಜನ ನೋಡಿದರಂತೆ. ಪಟೇಲರು ಅದರ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ, "ಇದು ನಮ್ಮೂರು. ಈಗ ಹಿಂಗಿಲ್ಲ, ಸುಣ್ಣ ಹೊಡ್ಸಿದ್ದೀವಿ," ಎಂದು ಹೇಳಿದರಂತೆ. ಅವರೇ ಬಂದು ನಮಗೆ ವರದಿ ಒಪ್ಪಿಸಿದರು. ಮಹಾರಾಜರು ನೋಡಿದರೋ ಇಲ್ಲವೋ ಅವರಿಗೂ ಗೊತ್ತಾಗಿರಲಿಲ್ಲ. ಬಹುಮಾನ ಬರಲಿಲ್ಲ. ನನ್ನ ಗಂಡ ಒಂದು ವಾರ ಮಾತು ಕಡಿಮೆ ಮಾಡಿದರು. ಆಗ ನಾನು ಆ ಬೆಳಗ್ಗೆ ಹಾಲು ಯಾಕೆ ಉಕ್ಕಿತು ಎಂದು ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಅಡುಗೆಮನೆಗೆ ಬಂದು, "ಎಷ್ಟು ಹಾಲು ಹೋಯ್ತು?" ಎಂದು ಕೇಳಿದರು. "ಪೂರ್ತಿ," ಎಂದೆ. ಖುಷಿಯಾದ ಹಾಗೆ ಕಂಡಿತು.

ಇನ್ನೊಂದು ಚಿತ್ರ ಪಟೇಲರ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ ನೇತಾಡಿತು. ನಾನು ಮುಂದೊಮ್ಮೆ ಹೋದಾಗ ಚಿತ್ರದಲ್ಲಿ ಪಟೇಲರ ಹೆಂಡತಿಯ ಹಣೆಗೂ ನನ್ನ ಹಣೆಗೂ ಯಾರೋ ನಿಜವಾದ ಕುಂಕುಮ ಇಟ್ಟಿದ್ದರು.

ಮೇಷ್ಟ್ರಿಗೆ ಬಿದ್ದದ್ದು ಇಷ್ಟ ಎನ್ನುವ ಸುದ್ದಿ ಆ ಸುತ್ತಿನ ಹಳ್ಳಿಗಳಲ್ಲಿ ಹರಡಿತು. ಯಾರೂ ಅದನ್ನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಸಂತೆಗೆ ಬಂದವರು ನಮ್ಮ ಬಾಗಿಲಲ್ಲಿ ನಿಂತು, ನಮ್ಮ ತೋಟದ ಬಾವಿ ಕಟ್ಟೆ ಕುಸಿದಿದೆ, ಹಳೇ ಮಂಟಪದ ಕಂಬ ವಾಲಿದೆ ಎಂದು ಹೇಳಿಹೋಗುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ಪಟೇಲರ ಆಳು ನೆನೆದುಕೊಂಡು ಬಂದ.

"ಕೊಟ್ಟಿಗೆ ಗೋಡೆ ಬಿದ್ದೈತಂತೆ ಮೇಷ್ಟ್ರೇ. ಚೆನ್ನಾಗೇ ಬಿದ್ದೈತೆ ಅಂತ ಹೇಳು ಅಂದ್ರು ಗೌಡ್ರು. ನೀವು ಬಂದು ನೋಡ್ಕೊಳ್ಳೋಗಂಟ ಯಾರೂ ಮುಟ್ಟಂಗಿಲ್ಲವಂತೆ. ಎಮ್ಮೆಗಳ್ನ ಪಕ್ಕದ ಮನೇಲಿ ಕಟ್ಟವ್ರೆ."

ಭಾನುವಾರ ಹೋದೆವು. ಗೋಡೆ ನಮ್ಮ ತವರಿನ ಗೋಡೆ ಬೀಳುತ್ತಿದ್ದ ಹಾಗೆಯೇ ಬಿದ್ದಿತ್ತು. ಕೆಲಸದವರು ಮಣ್ಣು ಕಲಸಿಟ್ಟುಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದರು. ನನ್ನ ಗಂಡ ಚಾಪೆ ಹಾಸಿ ಕೂತು ಪೆನ್ಸಿಲ್ ತೆಗೆದರು. ಅವರು ಬರೆಯುವಷ್ಟು ಹೊತ್ತು ಮಣ್ಣು ಒಣಗದ ಹಾಗೆ ನಾನೂ ಪಟೇಲರ ಹೆಂಡತಿಯೂ ಸೀರೆ ಎತ್ತಿಕಟ್ಟಿ ಅದನ್ನು ತುಳಿಯುತ್ತಿದ್ದೆವು.